ಬಿಂದಿಗೆ ಸರ್ಕಲ್ಲಿನ ಕಾರಂಜಿಯೂ ನನ್ನ ತೆಂಗಿನ ಮಟ್ಟೆಯೂ

ಪೈಪಿನ ಬಾಯಿಗೆ ಏನನ್ನಾದರೂ ತುರುಕಿದ್ದರೆ ಮನೆಗೆ ಹೋಗುವ ಮುಂಚೆ ಅದನ್ನು ತೆಗೆಯಿರಿ. ನೀರು ಸರಬರಾಜಿನ ಕೆಲಸಕ್ಕೆ ಹೊಸದಾಗಿ ಸೇರಿರುವ ನಿಮಗೆ ನಾನು ಹೇಳಬೇಕಾದ ಬುದ್ಧಿಮಾತು ಇದೊಂದೇ. ಮೂವತ್ತು ಚಿಲ್ಲರೆ ವರ್ಷ ದುಡಿದು ಈ ಮುದುಕ ಕಲಿತದ್ದು ಇಷ್ಟೇನಾ ಎಂದು ನಗಬೇಡಿ. ಕಲಿಯಲು ನನಗೆ ಒಂದು ನಿಮಿಷ ಸಾಕಾಯಿತು. ಒಪ್ಪಿಕೊಳ್ಳಲು ಇಪ್ಪತ್ತೆಂಟು ವರ್ಷ ಬೇಕಾಯಿತು.

ನನ್ನ ಹೆಸರು ದಸ್ತಗೀರ್. ತುಮಕೂರಿನವನು. ನಲ್ಲಿ ಫಿಟ್ಟರ್ ಆಗಿ ಸೇರಿದೆ, ಫಿಟ್ಟರ್ ಆಗಿಯೇ ರಿಟೈರ್ ಆದೆ. ನಡುವೆ ಒಂದು ಬಡ್ತಿ ಬಂತು. ನಾನು ಹೊರುತ್ತಿದ್ದ ಪೈಪಿನ ಇನ್ನೊಂದು ತುದಿ ಹೊರಲು ಒಬ್ಬ ಸಿಕ್ಕಿದ ಎಂಬುದನ್ನು ಬಿಟ್ಟರೆ ಅದರಿಂದ ಬೇರೇನೂ ಆಗಲಿಲ್ಲ. ಬಡ್ತಿಯ ಸಮಾಚಾರ ಇಲ್ಲಿಗೆ ಮುಗಿಯಿತು. ಇನ್ನು ಉಳಿದದ್ದೆಲ್ಲ ಬಿಂದಿಗೆ ಸರ್ಕಲ್ಲಿನ ಕಾರಂಜಿಯ ವಿಷಯ.

ನೀವು ದಿನಾ ಸ್ಕೂಟರಿನಲ್ಲಿ ಸುತ್ತು ಹಾಕುವ ಕಾರಂಜಿಯೇ ಅದು. ನಡುವೆ ಎತ್ತರದ ಪೀಠದ ಮೇಲೆ ಬಿಂದಿಗೆ ಬಾಗಿಸಿ ನಿಂತ ಕಲ್ಲಿನ ಹೆಂಗಸು. ಅವಳ ಸುತ್ತ ಬಾಯಿಂದ ನೀರು ಚಿಮ್ಮುವ ನಾಲ್ಕು ಕುದುರೆ. ಕೆಳಗೆ ತೊಟ್ಟಿಯ ಅಂಚಿನಲ್ಲಿ ಐದು ಮೀನು. ಇದರ ಮಹತ್ವ ತಿಳಿಯಬೇಕಾದರೆ ನಮ್ಮ ಶಿವರುದ್ರಯ್ಯ ಮೇಷ್ಟ್ರು ಬರೆದ ಕಿರುಪುಸ್ತಕ ಓದಬೇಕು. ಮೇಷ್ಟ್ರು ಕಾಲೇಜಿನಲ್ಲಿ ಕನ್ನಡ ಹೇಳಿಕೊಟ್ಟವರು, ಕಾರಂಜಿ ಸಮಿತಿಗೆ ಮೊದಲಿಂದಲೂ ಅವರೇ ಹಿರಿಯರು. ನಾಲ್ಕು ಕುದುರೆ ಎಂದರೆ ಧರ್ಮ, ಅರ್ಥ, ಕಾಮ, ಮೋಕ್ಷ ಎಂದು ಅವರು ಬರೆದಿದ್ದಾರೆ. ಐದು ಮೀನು ಪಂಚೇಂದ್ರಿಯಗಳಂತೆ. ಗುಬ್ಬಿ ರಸ್ತೆ ಕಡೆ ಮುಖ ಮಾಡಿರುವ ಕುದುರೆಗೆ ಒಂದು ಕಿವಿ ಇಲ್ಲದಿರುವುದು ಕೆಟ್ಟ ಮಾತನ್ನು ಕೇಳಬಾರದು ಎಂಬ ಸಂದೇಶವಂತೆ.

ನಾನು ಕಂಡದ್ದು ಬೇರೆ. ಪಂಪಿನಿಂದ ಐದು ಲೈನ್ ಎಳೆದಿದ್ದೆವು. ಬಿಂದಿಗೆಗೆ ಒಂದು ಹೋಗಿ ನಾಲ್ಕು ಉಳಿದವು, ಹಾಗಾಗಿ ಕುದುರೆಗಳು ನಾಲ್ಕಾದವು. ಅಳತೆ ತಪ್ಪಿ ನಾನು ತೊಟ್ಟಿಗೆ ಎರಡು ತೂತು ಜಾಸ್ತಿ ಹೊಡೆದಿದ್ದೆ, ಅವನ್ನು ಮುಚ್ಚಲು ಮೂರಿದ್ದ ಮೀನು ಐದಾದವು. ಕುದುರೆಯ ಕಿವಿಯ ಕಥೆಗೆ ಆಮೇಲೆ ಬರುತ್ತೇನೆ. ನನ್ನ ಕಥೆಯೂ ಆ ಕಿವಿಯಿಂದಲೇ ಶುರುವಾಗುತ್ತದೆ.

ಇದನ್ನೆಲ್ಲ ಕೆತ್ತಿದವರು ಕುಣಿಗಲ್ಲಿನ ವೀರಭದ್ರಾಚಾರ್. ಆಗ ಅವರಿಗೆ ನಲವತ್ತರ ಆಚೀಚೆ. ಚಿಕ್ಕಂದಿನಲ್ಲಿ ಕುದುರೆ ಫಾರಮ್ಮಿನ ಬೇಲಿಗೆ ಗಲ್ಲ ಒತ್ತಿ ನಿಂತು ನೋಡಿದ ಕುದುರೆಗಳು ಅವರ ಕೈಯಲ್ಲಿದ್ದವು. ಓಡುತ್ತಿರುವ ಕುದುರೆ ಕೆತ್ತುತ್ತೇನೆಂದು ನಕ್ಷೆ ತಂದಿದ್ದರು. ನಮ್ಮ ಇಂಜಿನಿಯರ್ ರಂಗಸ್ವಾಮಿಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ನಾಲ್ಕೂ ಕಾಲು ನೆಲದ ಮೇಲಿರ್ಲಿ ಕಣ್ರೀ. ಸರ್ಕಾರಿ ಕುದುರೆ, ನಿಂತಿದ್ರೆ ಸಾಕು" ಎಂದರು. ಆಚಾರ್ರು ನಕ್ಷೆ ಸುತ್ತಿಕೊಂಡು ಹೋಗಿ, ನಿಂತ ಕುದುರೆಗಳನ್ನೇ ಕೆತ್ತಿ ತಂದರು. ಆದರೆ ಅವುಗಳ ಮೂಗಿನ ಹೊಳ್ಳೆ ನೋಡಿ, ಈಗ ತಾನೇ ಓಡಿ ಬಂದು ನಿಂತಿವೆ.

ನಾನು ಆಗ ದಿನಗೂಲಿ. ಕಾಯಂ ಆಗುವ ಪಟ್ಟಿಯಲ್ಲಿ ಹೆಸರು ಇದೆ ಎಂದು ಹೇಳುತ್ತಿದ್ದರು, ಇಲ್ಲ ಎಂದೂ ಹೇಳುತ್ತಿದ್ದರು. ಎರಡು ತಿಂಗಳು ಆಚಾರ್ರೂ ನಾನೂ ಒಂದೇ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಹೆಂಗಸಿನ ಕೆಲಸ ಅವರಿಗೆ ಬಹಳ ಮುಖ್ಯವಾಗಿತ್ತು. "ನಮ್ಮನೆಯವ್ಳು ಬಿಂದಿಗೆ ಬಗ್ಗಿಸೋ ರೀತಿ ಸಾಬ್ರೇ ಇದು. ಎಡಗಾಲ್ ಮೇಲೆ ಭಾರ ಹಾಕಿ, ಒಂಚೂರು ವಾಲ್ಕಂಡು. ನೀರು ಬಿದ್ರೇನೇ ಅವ್ಳು ಹೆಂಗಸು, ಇಲ್ದಿದ್ರೆ ಬರೀ ಕಲ್ಲು" ಎನ್ನುತ್ತಿದ್ದರು.

ನೀರು ಬೀಳಿಸುವುದೇ ಅಲ್ಲಿ ಕಷ್ಟದ ಕೆಲಸ. ಅವಳ ಪಾದದಿಂದ ಮೈಯೊಳಗೆ ಹಾದು ಬಿಂದಿಗೆಯ ಬಾಯಿಯ ತನಕ ಕಲ್ಲಿನಲ್ಲೇ ತೂತು ಕೊರೆಯಬೇಕು. ಕೆಳಗಿನಿಂದ ಅರ್ಧ, ಮೇಲಿನಿಂದ ಅರ್ಧ ಕೊರೆದು ನಡುವೆ ಸೇರಿಸಿದ್ದರು. ಒಂದು ಮಧ್ಯಾಹ್ನ ಬುತ್ತಿ ಮುಚ್ಚುತ್ತಾ ನನ್ನೊಬ್ಬನಿಗೇ ಹೇಳಿದರು: "ಯಾರ್ಗೂ ಹೇಳ್ಬ್ಯಾಡಿ ಸಾಬ್ರೇ. ಎರಡು ತೂತೂ ಒಂದ್ಕೊಂದು ನೂಲಷ್ಟು ವಾರೆ ಆಗವೆ. ಒಂದು ಚೊಂಬು ನೀರು ಹೊಯ್ದು ನೋಡ್ದೆ, ಸಣ್ಣಕೆ ಬಂತು. ಪಂಪಿನ್ ಒತ್ತಡಕ್ಕೆ ಸರಿಯಾಗಿ ಬರುತ್ತೆ ಅನ್ಕಂಡಿದೀನಿ." ಬಂದೇ ಬರುತ್ತೆ ಆಚಾರ್ರೇ ಎಂದು ನಾನು ಧೈರ್ಯ ಹೇಳಿದೆ.

ಪೀಠದ ಒಂದು ಪಕ್ಕಕ್ಕೆ ಅವರೇ ಒಂದು ಕಲ್ಲು ಕೂರಿಸಿದ್ದರು. ಅದರ ಮೇಲೆ 'ಶಿಲ್ಪಿ' ಎಂದು ಕೆತ್ತಿ, ಎರಡು ಚುಕ್ಕಿ ಇಟ್ಟು, ಮುಂದೆ ಖಾಲಿ ಬಿಟ್ಟಿದ್ದರು. ಹೆಸರು ಯಾಕೆ ಹಾಕಿಲ್ಲ ಎಂದು ಕೇಳಿದೆ. ಕೆಲಸ ಮುಗಿಯದೆ ಹೆಸರು ಕೆತ್ತುವ ಪದ್ಧತಿ ತಮ್ಮ ಮನೆತನದಲ್ಲಿ ಇಲ್ಲವೆಂದೂ ಬಿಂದಿಗೆಯಲ್ಲಿ ನೀರು ಬಿದ್ದ ದಿನ ಕೆತ್ತುವುದಾಗಿಯೂ ಹೇಳಿದರು.

ಹೆಂಗಸನ್ನು ಪೀಠದ ಮೇಲೆ ಕೂರಿಸುವ ದಿನ ಬಂತು. ಪೀಠದ ನಡುವಿನಿಂದ ನನ್ನ ಪೈಪು ಮೇಲೆ ಬಂದು ಬಾಯಿ ತೆರೆದು ನಿಂತಿತ್ತು. ಸುತ್ತ ಗಾರೆ ಕೆಲಸ ನಡೆಯುತ್ತಿತ್ತು. ಗಾರೆ ಒಳಗೆ ಬೀಳಬಾರದೆಂದು ಪೈಪಿನ ಬಾಯಿ ಮುಚ್ಚಬೇಕು. ನಿಮಗೆ ಈಗ ಬಣ್ಣ ಬಣ್ಣದ ಪ್ಲಾಸ್ಟಿಕ್ ಮುಚ್ಚಳ ಕೊಡುತ್ತಾರೆ. ನಮ್ಮ ಕಾಲದಲ್ಲಿ ಈ ಕಡೆಯ ಫಿಟ್ಟರುಗಳೆಲ್ಲ ಬಳಸುತ್ತಿದ್ದದ್ದು ತೆಂಗಿನ ಮಟ್ಟೆ, ಅಂದರೆ ಕಾಯಿಯ ಮೇಲಿನ ನಾರಿನ ಸಿಪ್ಪೆ. ಗುಬ್ಬಿಯಿಂದ ಕಾಯಿ ತುಂಬಿದ ಲಾರಿಗಳು ಆ ದಾರಿಯಲ್ಲೇ ಹೋಗುತ್ತಿದ್ದವು, ಮಟ್ಟೆಗೇನು ಬರವೇ. ಒಂದು ಹಿಡಿ ನಾರು ಕಿತ್ತು, ಗುದ್ದಿ ಗುದ್ದಿ ತುರುಕಿದರೆ ಮುಗಿಯಿತು. ಬಟ್ಟೆಯಾದರೆ ಗಾರೆಯ ನೀರು ಇಳಿಯುತ್ತದೆ. ಮಟ್ಟೆ ನೆನೆದಷ್ಟೂ ಊದಿಕೊಂಡು ಬಿಗಿಯಾಗುತ್ತದೆ. ಅದೇ ಅದರ ಗುಣ, ಅದೇ ನನ್ನ ಕರ್ಮ.

ಸರಪಳಿಗೆ ಕಟ್ಟಿದ ಹೆಂಗಸು ಮೇಲೆ ತೂಗುತ್ತಿದ್ದಳು. ಮಟ್ಟೆ ತೆಗೆಯಲು ನಾನು ಪೀಠದ ಹತ್ತಿರ ಹೋಗುತ್ತಿದ್ದೆ. ಅಷ್ಟರಲ್ಲಿ ಅತ್ತ ಲಾರಿಯಿಂದ ಕೊನೆಯ ಕುದುರೆ ಇಳಿಸುತ್ತಿದ್ದವರ ಹಗ್ಗ ಜಾರಿ, ಕುದುರೆಯ ಕಿವಿ ಲಾರಿಯ ಬಾಗಿಲಿಗೆ ಹೊಡೆದು ಮುರಿಯಿತು. ಎಲ್ಲರೂ ಅಲ್ಲಿಗೆ ಓಡಿದೆವು. ರಂಗಸ್ವಾಮಿಯವರು ಹಗ್ಗದವರನ್ನು ಬಾಯಿಗೆ ಬಂದಂತೆ ಬೈದರು. ಆಚಾರ್ರು ಮುರಿದ ಕಿವಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತುಬಿಟ್ಟರು. ಅವರನ್ನು ಸಮಾಧಾನ ಮಾಡಿ ನಾನು ತಿರುಗಿ ಬರುವ ಹೊತ್ತಿಗೆ ಹೆಂಗಸು ಪೀಠದ ಮೇಲೆ ಕೂತಾಗಿತ್ತು, ಸುತ್ತ ಸೀಸ ಹೊಯ್ದಾಗಿತ್ತು. ಮಟ್ಟೆಯ ವಿಷಯ ನನ್ನ ತಲೆಯಿಂದ ಪೂರ್ತಿ ಹೋಗಿತ್ತು.

ನೆನಪಾದದ್ದು ಉದ್ಘಾಟನೆಯ ದಿನ. ಮಂತ್ರಿಗಳೊಬ್ಬರು ಬಂದು ಬಟನ್ ಒತ್ತಿದರು. ಬಿಂದಿಗೆಯಿಂದ ಒಂದು ಹನಿ ಬರಲಿಲ್ಲ. ಅವಳ ಪಾಲಿನ ಒತ್ತಡವೆಲ್ಲ ಕುದುರೆಗಳ ಕಡೆ ತಿರುಗಿತು. ತೊಟ್ಟಿಯೊಳಗೆ ಬೀಳಬೇಕಾದ ನೀರು ತೊಟ್ಟಿ ದಾಟಿ, ಮೊದಲ ಸಾಲು ದಾಟಿ, ವೇದಿಕೆಯ ಮೇಲೆ ಬಿತ್ತು. ಮಂತ್ರಿಗಳ ಇಸ್ತ್ರಿ ಮಾಡಿದ ಬಿಳಿ ಅಂಗಿ ಮೈಗೆ ಅಂಟಿಕೊಂಡಿತು. ಶಿವರುದ್ರಯ್ಯ ಮೇಷ್ಟ್ರು ಮೈಕಿನ ಮುಂದೆಯೇ ಇದ್ದರು. ಒಂದು ಗಳಿಗೆಯೂ ತಡಮಾಡದೆ, "ಪುರುಷಾರ್ಥಗಳೇ ಇಂದು ಮಾನ್ಯರಿಗೆ ಅಭಿಷೇಕ ಮಾಡಿವೆ" ಎಂದರು. ಜನ ಚಪ್ಪಾಳೆ ತಟ್ಟಿದರು, ಮಂತ್ರಿಗಳೂ ತಟ್ಟಿದರು. ನಾನು ಪಂಪಿನ ಮನೆಯಲ್ಲಿ ನಿಂತು ನನ್ನ ಬಲಗೈ ನೋಡಿಕೊಂಡೆ. ಮಟ್ಟೆ ಗುದ್ದಿದ ಕೈ ಅದು.

ಮಾರನೆಯ ದಿನ ರಂಗಸ್ವಾಮಿಯವರು ಕರೆಸಿದರು. ಆಚಾರ್ರೂ ಇದ್ದರು. "ಏನಯ್ಯಾ ದಸ್ತಗೀರ್, ನಿನ್ ಲೈನ್ ಸರಿಯಾಗಿದ್ಯಾ?" ಎಂದರು. ಮೇಜಿನ ಮೇಲೆ ಕಾಯಂ ಪಟ್ಟಿಯ ಫೈಲು ಇತ್ತೋ ಇಲ್ಲವೋ, ನನ್ನ ಕಣ್ಣಿಗೆ ಕಂಡ ಫೈಲೆಲ್ಲ ಅದೇ ಆಗಿತ್ತು. "ಲೈನ್ ಸರಿಯಾಗಿದೆ ಸಾರ್" ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಬಹುದಿತ್ತು. ಮುಚ್ಚಲಿಲ್ಲ. "ಕಲ್ಲಿನ್ ಒಳಗೆ ತೂತು ಒಂಚೂರು ವಾರೆ ಅಂತ ಆಚಾರ್ರೇ ಹೇಳ್ತಿದ್ರು" ಎಂದೂ ಸೇರಿಸಿದೆ.

ಆಚಾರ್ರು ನನ್ನ ಕಡೆ ತಿರುಗಿ ನೋಡಿದರು. ಬೈಯಲಿಲ್ಲ. "ಹೌದು ಸಾರ್, ವಾರೆ ಆಗಿತ್ತು. ನಂದೇ ತಪ್ಪಿರ್ಬೋದು" ಎಂದರು. ಪೀಠದಿಂದ ಹೆಂಗಸನ್ನು ಎಬ್ಬಿಸಿದರೆ ಒಡೆದುಹೋಗುತ್ತಾಳೆ ಎಂದು ಸಾಹೇಬರು ತೀರ್ಮಾನ ಮಾಡಿದರು. ಆ ಲೈನಿನ ವಾಲ್ವ್ ಮುಚ್ಚಿ ಎಂದರು, ಮುಚ್ಚಿದೆ. ಶಿಲ್ಪದಲ್ಲಿ ದೋಷ ಎಂದು ಫೈಲಿನಲ್ಲಿ ಬರೆದರು. ಆಚಾರ್ರು ಉಳಿ ಸುತ್ತಿಗೆ ಗೋಣಿಚೀಲಕ್ಕೆ ಹಾಕಿಕೊಂಡು ಕುಣಿಗಲ್ ಬಸ್ಸು ಹತ್ತಿದರು. 'ಶಿಲ್ಪಿ' ಎಂಬುದರ ಮುಂದಿನ ಜಾಗ ಖಾಲಿಯೇ ಉಳಿಯಿತು. ನಾನು ಕಾಯಂ ಆದೆ.

ಆಮೇಲೆ ನನ್ನನ್ನು ಎರಡು ವರ್ಷ ಗುಬ್ಬಿಗೆ ಹಾಕಿದರು. ದೇವರು ವರ್ಗಾವಣೆಯಲ್ಲೂ ತಮಾಷೆ ಮಾಡುತ್ತಾನೆ. ಸಂತೆಯ ದಿನ ಗುಬ್ಬಿಯಲ್ಲಿ ಎತ್ತ ನೋಡಿದರೂ ಕಾಯಿ, ಕಾಯಿಯ ಪಕ್ಕ ಮಟ್ಟೆಯ ರಾಶಿ. ಅಲ್ಲಿ ನನಗೊಂದು ಅಭ್ಯಾಸ ಅಂಟಿತು. ಯಾವ ಪೈಪು ಜೋಡಿಸುವ ಮುಂಚೆಯೂ ಅದರ ಬಾಯಿಗೆ ಬಾಯಿಟ್ಟು ಜೋರಾಗಿ ಊದಿ, ಆ ತುದಿಯಲ್ಲಿ ಗಾಳಿ ಬಂತಾ ಎಂದು ಕೇಳುವುದು. ಜನ ನನ್ನನ್ನು ಊದೋ ಸಾಬ್ರು ಎಂದು ಕರೆಯತೊಡಗಿದರು. ಅಲ್ಲಿನ ಮೇಲಧಿಕಾರಿಯೊಬ್ಬರು ಇದನ್ನು ಕಂಡು ಬಹಳ ಮೆಚ್ಚಿದರು. ಇಂಥ ಜಾಗರೂಕ ನೌಕರನನ್ನು ತಾವು ಕಂಡಿಲ್ಲವೆಂದು ಪ್ರಶಸ್ತಿಪತ್ರ ಕೊಡಿಸಿದರು. ನನ್ನ ಹೆಂಡತಿ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದಳು. ಊಟಕ್ಕೆ ಕೂತಾಗಲೆಲ್ಲ ಅದು ನನ್ನನ್ನೇ ನೋಡುತ್ತಿತ್ತು.

ತಿರುಗಿ ತುಮಕೂರಿಗೆ ಬರುವ ಹೊತ್ತಿಗೆ ಬರಿ ಬಿಂದಿಗೆಗೆ ಅರ್ಥ ಬಂದಿತ್ತು. ಮೇಷ್ಟ್ರ ಕಿರುಪುಸ್ತಕ ಅಚ್ಚಾಗಿತ್ತು. 'ಎಲ್ಲವನ್ನೂ ಕೊಟ್ಟು ಬರಿದಾದ ತಾಯಿ' ಎಂಬುದು ಅದರ ತಲೆಬರಹ. ನೀರು ಬೀಳದ ಬಿಂದಿಗೆಯ ಮುಂದೆ ನಿಂತವರಿಗೆ ತಮ್ಮ ತಾಯಿಯ ನೆನಪಾಗಿ ಕಣ್ಣು ತುಂಬುತ್ತದೆ ಎಂದು ಬರೆದಿದ್ದರು. ತಮಾಷೆ ಎಂದರೆ, ಜನರಿಗೆ ನಿಜವಾಗಿಯೂ ಕಣ್ಣು ತುಂಬುತ್ತಿತ್ತು. ಹೊಸದಾಗಿ ಮದುವೆಯಾದವರು ಬಂದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮಕ್ಕಳನ್ನು ಕರೆತಂದ ಟೀಚರುಗಳು, "ನೀವೇ ಹೇಳಿ ಸಾಬ್ರೇ, ನೀವು ಕಟ್ಟಿದೋರಲ್ವಾ" ಎಂದು ನನ್ನನ್ನು ಮುಂದೆ ನಿಲ್ಲಿಸುತ್ತಿದ್ದರು. ನಾನು ಕೈ ಕಟ್ಟಿಕೊಂಡು, ಈ ತಾಯಿ ಎಲ್ಲವನ್ನೂ ಕೊಟ್ಟು ಬರಿದಾಗಿದ್ದಾಳೆ ಮಕ್ಕಳೇ ಎನ್ನುತ್ತಿದ್ದೆ. ಒಂದು ಸಲ ಒಬ್ಬಳು ಪುಟ್ಟ ಹುಡುಗಿ ಶಿಲ್ಪಿ ಯಾರು ಎಂದು ಕೇಳಿದಳು. ಹೆಸರು ಹಾಕಿಲ್ಲ ಕಣಮ್ಮ ಎಂದೆ. ಅದು ನಿಜವೇ. ಸುಳ್ಳು ಹೇಳಿದ್ದಕ್ಕಿಂತ ಜಾಸ್ತಿ ನಾಚಿಕೆಯಾಯಿತು.

ಆ ನಡುವೆ ಆಚಾರ್ರ ಸುದ್ದಿ ಕೇಳುತ್ತಲೇ ಇದ್ದೆ. ಮೂರ್ತಿ ಕೆಲಸ ಬಿಟ್ಟಿದ್ದಾರೆ, ಬರೀ ಒರಳು, ಚಪ್ಪಡಿ, ಗಡಿಕಲ್ಲು ಮಾಡುತ್ತಾರೆ ಎಂದರು. ಮಾರ್ಕೋನಹಳ್ಳಿ ಕಡೆಯ ಒಂದು ದೇವಸ್ಥಾನದವರು ಗೋಮುಖ ಮಾಡಿಕೊಡಿ ಎಂದು ಹೋದರೆ, ನೀರು ಹಾಯುವ ಕೆಲಸ ತಮ್ಮ ಕೈಗೆ ಹತ್ತುವುದಿಲ್ಲ ಎಂದು ಕಳಿಸಿದರಂತೆ. ನಾಳೆ ಹೋಗಿ ಹೇಳಿಬಿಡೋಣ ಎಂದುಕೊಂಡೆ. ನಾಳೆಗಳು ಬಹಳ ಇದ್ದವು, ಹಾಗೇ ರಿಟೈರ್ ಆದೆ.

ರಿಟೈರ್ ಆಗಿ ಮೂರು ವರ್ಷಕ್ಕೆ ಕಾರಂಜಿಗೆ ಬಣ್ಣದ ದೀಪ ಹಾಕುವ ಯೋಜನೆ ಬಂತು. ಅದರ ಜೂನಿಯರ್ ಇಂಜಿನಿಯರ್ ಸಹನಾ ಮೇಡಂ. ಹಳೇ ಲೈನುಗಳ ನಕ್ಷೆ ಎಲ್ಲೂ ಸಿಗದೆ ನನ್ನನ್ನು ಹುಡುಕಿಕೊಂಡು ಬಂದರು. ನಕ್ಷೆ ನನ್ನ ತಲೆಯಲ್ಲೇ ಇದ್ದದ್ದು. ವೈರು ಎಳೆಯಲು ಪೀಠದ ಒಂದು ಪಕ್ಕ ಕೊರೆದಾಗ ನನ್ನ ಹಳೇ ಪೈಪು ಕಂಡಿತು. ಅದನ್ನು ಕತ್ತರಿಸಿ, ಹಾವಿನಂಥ ಒಂದು ತಂತಿ ಒಳಗೆ ಬಿಟ್ಟರು. ತಂತಿಯ ತುದಿಯಲ್ಲಿ ಕ್ಯಾಮೆರಾ, ಅದರ ಚಿತ್ರ ಮೇಡಂ ಕೈಯ ಫೋನಿನಲ್ಲಿ. ನಾವು ಪೈಪು ಊದುತ್ತಿದ್ದವರು. ಇವರು ಪೈಪಿನ ಹೊಟ್ಟೆಯೊಳಗೇ ಹೋಗಿ ನೋಡುತ್ತಾರೆ.

"ಸರ್, ಮೇಲೆ ಏನೋ ಬ್ಲಾಕ್ ಆಗಿದೆ ನೋಡಿ. ಕಂದು ಬಣ್ಣ, ನಾರ್ ನಾರು. ಹಕ್ಕಿ ಗೂಡಾ?" ಎಂದು ಮೇಡಂ ಫೋನು ನನ್ನ ಮುಖದ ಮುಂದೆ ಹಿಡಿದರು.

ನೋಡಿದೆ. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಮಂಡಿ ಸವೆದಿದೆ, ಹಲ್ಲು ಉದುರಿವೆ. ಮಟ್ಟೆ ಮಾತ್ರ ಇಟ್ಟ ಹಾಗೆಯೇ ಇತ್ತು.

"ಗೂಡಲ್ಲ ಕಣಮ್ಮ. ನಾನಿಟ್ಟ ಮಟ್ಟೆ" ಎಂದೆ. ಅಲ್ಲೇ ತೊಟ್ಟಿಯ ಅಂಚಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಮೇಡಂ ಮೊದಲು ನಕ್ಕರು. ನಾನು ಸಾಹೇಬರ ಮುಂದೆ ಹೇಳಿದ ಮಾತಿಗೆ ಬಂದಾಗ ನಗು ನಿಲ್ಲಿಸಿದರು.

"ಅವ್ರು ಇದಾರಾ ಸರ್?"

"ಕುಣಿಗಲ್ಲಲ್ಲೇ ಇದಾರೆ."

"ಹಂಗಾದ್ರೆ ಇಲ್ಲಿ ಯಾಕೆ ಕೂತಿದೀರ?" ಎಂದರು.

ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿದೆ. ಆಚಾರ್ರ ಮನೆ ಕುಣಿಗಲ್ ಕೆರೆ ಏರಿಯ ಕೆಳಗಿನ ಬೀದಿಯಲ್ಲಿ. ಜಗುಲಿಯ ತುಂಬ ಚಪ್ಪಡಿ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕೈ ಮಾತ್ರ ಅದೇ ಕೈ. ಗುರುತು ಹಿಡಿದು, "ಬನ್ನಿ ಸಾಬ್ರೇ, ಕೂತ್ಕಳಿ. ಗಂಗಾ, ನೀರು ತಾರೇ" ಎಂದರು. ಅವರ ಹೆಂಡತಿ ಬಂದು ಎಡಗಾಲಿನ ಮೇಲೆ ಭಾರ ಹಾಕಿ, ಒಂಚೂರು ವಾಲಿ, ಬಿಂದಿಗೆಯಿಂದ ಚೊಂಬಿಗೆ ನೀರು ಬಗ್ಗಿಸಿದರು. ಚೊಂಬು ಕೆಳಗಿಟ್ಟು ಹೇಳಿದೆ. ಮಟ್ಟೆ ತುರುಕಿದ್ದು, ಕಿವಿ ಮುರಿದಾಗ ಮರೆತದ್ದು, ಉದ್ಘಾಟನೆಯ ದಿನವೇ ನೆನಪಾದದ್ದು, ಗೊತ್ತಿದ್ದೂ ಅವರ ಮೇಲೆ ಹಾಕಿದ್ದು.

ಆಚಾರ್ರು ಕೈಯ ಕಲ್ಲುಪುಡಿ ಒರೆಸಿಕೊಂಡರು. ಮೊದಲು ಅಂದದ್ದು ಒಂದೇ ಮಾತು. "ಹಂಗಾದ್ರೆ ತೂತು ಸೇರಿತ್ತು."

"ಸೇರಿತ್ತು ಆಚಾರ್ರೇ."

"ಇಪ್ಪತ್ತೆಂಟು ವರ್ಷ ಸಾಬ್ರೇ. ಕಣ್ ಮುಚ್ಚಿದ್ರೆ ಆ ಎರಡು ತೂತೇ ಬರೋವು. ಒಂದಿತ್ತ, ಒಂದತ್ತ. ಮೂರ್ತಿ ಕೇಳ್ಕಂಡ್ ಬಂದೋರ್ನೆಲ್ಲ ವಾಪಸ್ ಕಳಿಸ್ದೆ. ಗೊತ್ತಿದ್ದೂ ಬಾಯಿ ಮುಚ್ಕಂಡ್ ಕೂತಿದ್ರಲ್ಲ." ದನಿ ಏರಿಸಲಿಲ್ಲ, ಅದೇ ಇನ್ನೂ ಕಷ್ಟವಾಯಿತು. "ತಪ್ಪಾಯ್ತು" ಎಂದೆ. "ಆಯ್ತಲ್ಲ, ಹೇಳಿದ್ರಲ್ಲ. ಎದ್ ನಡೀರಿ" ಎಂದರು. ಎದ್ದು ನಡೆದೆ. ಬಸ್ ಸ್ಟಾಂಡಿನಲ್ಲಿ ಕೂತು ಅತ್ತೆ, ಬರೆಯಲು ನಾಚಿಕೆಯಿಲ್ಲ.

ಊರಿಗೆ ಬಂದು ಎಲ್ಲವನ್ನೂ ಅರ್ಜಿಯಂತೆ ಬರೆದು ಕಾರಂಜಿ ಸಮಿತಿಗೆ ಕೊಟ್ಟೆ. ಪೆನ್ಷನ್ನಿಗೆ ಏನಾದರೂ ಆದೀತು ಎಂದು ಹೆಂಡತಿಗೆ ಹೆದರಿಕೆ, ನನಗೂ ಇತ್ತು. ಶಿವರುದ್ರಯ್ಯ ಮೇಷ್ಟ್ರು ಕನ್ನಡಕ ಏರಿಸಿ ಎರಡು ಸಲ ಓದಿ, ಕಾಗದವನ್ನು ನಾಲ್ಕು ಮಡಿಕೆ ಮಾಡಿದರು.

"ಏನಪ್ಪಾ ದಸ್ತಗೀರ್, ಇದರಲ್ಲಿ ಸಾಂಕೇತಿಕತೆ ಎಲ್ಲಿದೆ?" ಎಂದರು.

"ಇಲ್ಲ ಸಾರ್. ಮಟ್ಟೆ ಇದೆ."

"ನೋಡಪ್ಪಾ, ಊರಿನ ಜನ ಬರಿ ಬಿಂದಿಗೆಯನ್ನ ತಾಯಿ ಅಂತ ಒಪ್ಪಿದಾರೆ. ಶಾಲೇಲಿ ಮಕ್ಕಳು ಪ್ರಬಂಧ ಬರೀತಾರೆ. ಈಗ ನೀರು ಬಿಟ್ರೆ ಅವಳು ಬರೀ ನಲ್ಲಿ ಆಗ್ತಾಳೆ." ನಲ್ಲಿ ಆಗುವುದು ಕೀಳು ಕೆಲಸ ಎಂದು ನಲ್ಲಿ ಫಿಟ್ಟರನಿಗೇ ಹೇಳುತ್ತಿದ್ದರು.

ಆದರೆ ಮೇಷ್ಟ್ರು ಕೆಟ್ಟವರಲ್ಲ. ಬಿಂದಿಗೆಯನ್ನು ಬರಿದಾಗಿಯೇ ಬಿಟ್ಟ ಆ ಮಹಾ ಕಲಾವಿದನ ಹೆಸರು ಇಷ್ಟು ವರ್ಷ ಕಲ್ಲಿನ ಮೇಲೆ ಬರದೇ ಹೋದದ್ದು ಅನ್ಯಾಯ ಎಂದು ಅವರಿಗೆ ನಿಜವಾಗಿಯೂ ಬೇಸರವಾಯಿತು. ಸಮಿತಿ ಸೇರಿತು. ಬಿಂದಿಗೆಯ ಲೈನನ್ನು ಯಾರೂ ಬದಲಾಯಿಸಕೂಡದು, ಶಿಲ್ಪಿಗೆ ಶಾಲು ಹೊದಿಸಿ ಸನ್ಮಾನ ಮಾಡಬೇಕು, ಖಾಲಿ ಜಾಗದಲ್ಲಿ ಅವರ ಹೆಸರನ್ನು ಚಿನ್ನದ ಬಣ್ಣದಲ್ಲಿ ಬರೆಸಬೇಕು ಎಂದು ತೀರ್ಮಾನವಾಯಿತು. ಕುಣಿಗಲ್ಲಿಗೆ ಕಾಗದ ಹೋಯಿತು. ಆಚಾರ್ರಿಗೆ ಕೊನೆಗೂ ಹೆಸರು ಸಿಗುವುದಿತ್ತು, ನನ್ನ ಮಟ್ಟೆಯ ದೆಸೆಯಿಂದ, ಮಟ್ಟೆ ಅಲ್ಲೇ ಇದ್ದರೆ ಮಾತ್ರ.

ಮೂರನೆಯ ದಿನ ಆಚಾರ್ರು ಹೆಗಲ ಮೇಲೆ ಗೋಣಿಚೀಲ ಹಾಕಿಕೊಂಡು ಬಿಂದಿಗೆ ಸರ್ಕಲ್ಲಿನಲ್ಲಿ ಬಸ್ಸಿಳಿದರು. ಸಮಿತಿಯ ಕಾಗದ ಕೈಯಲ್ಲಿತ್ತು. ನನ್ನನ್ನು ಮಾತಾಡಿಸಲಿಲ್ಲ. ನೇರವಾಗಿ ಸಹನಾ ಮೇಡಂ ಹತ್ತಿರ ಹೋಗಿ, "ನೀರು ಬತ್ತದಾ ಇಲ್ವಾ, ಅಷ್ಟ್ ಹೇಳಮ್ಮ" ಎಂದರು.

"ಹೆಸರು ಹಾಕ್ತಾರಂತಲ್ಲ ಸರ್, ನೀರು ಬಿಟ್ರೆ ಹಾಕಲ್ಲ" ಎಂದರು ಮೇಡಂ.

"ಅವ್ರು ಯಾರಮ್ಮ ಹಾಕಾಕೆ. ಮುಗೀದಿರೋ ಕೆಲಸಕ್ಕೆ ನಾವು ಹೆಸ್ರು ಹಾಕದಿಲ್ಲ. ಮುಗಿದಿದ್ರೆ ಯಾರನ್ನೂ ಕೇಳದಿಲ್ಲ. ಬಂಗಾರ್ದ್ ಬಣ್ಣ ಅವ್ರೇ ಬಳ್ಕಳ್ಳಿ. ನೀರು ಬುಡಿ."

ಮೇಡಂ ಒಂದು ಗಳಿಗೆ ಯೋಚಿಸಿದರು. ಲೈನನ್ನು ಬದಲಾಯಿಸಬಾರದು ಎಂದು ತೀರ್ಮಾನವಾಗಿದೆಯೇ ಹೊರತು ಪರೀಕ್ಷೆ ಮಾಡಬಾರದು ಎಂದಿಲ್ಲ ಎಂದರು. ಈ ಕೆಲಸದಲ್ಲಿ ನೀವು ಮುಂದೆ ಬರುತ್ತೀರಿ ಮೇಡಂ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ನಾನು ಮಂಡಿಯೂರಿ, ಕತ್ತರಿಸಿದ ಪೈಪಿನ ಒಳಗೆ ಕಬ್ಬಿಣದ ಕೊಕ್ಕೆ ಬಿಟ್ಟು ತಿರುಚಿ ಎಳೆದೆ. ನಾಲ್ಕು ಸಲ ನಾರು ಮಾತ್ರ ಬಂತು. ಐದನೆಯ ಸಲ ಕಪ್ಪಗಾದ ಒಂದು ಮುಷ್ಟಿ ಮಟ್ಟೆ ನನ್ನ ಮಡಿಲಿಗೆ ಬಿತ್ತು. ಪೈಪನ್ನು ಮತ್ತೆ ಜೋಡಿಸಿ, ಇಪ್ಪತ್ತೆಂಟು ವರ್ಷದ ಹಿಂದೆ ನಾನೇ ಮುಚ್ಚಿದ್ದ ವಾಲ್ವ್ ಬಿಚ್ಚಿದೆ.

ಮೊದಲು ಗಾಳಿ ಬಂತು. ಆಮೇಲೆ ಕೆಂಪು ತುಕ್ಕಿನ ನೀರು. ಆಮೇಲೆ ತಿಳಿನೀರು ಬಿಂದಿಗೆಯ ಬಾಯಿ ತುಂಬಿ, ವಾಲಿದ ಕಡೆಯಿಂದ ಒಂದೇ ಧಾರೆಯಾಗಿ ತೊಟ್ಟಿಗೆ ಇಳಿಯಿತು. ಆಚಾರ್ರು ತೊಟ್ಟಿಯೊಳಗೆ ಇಳಿದು ಅದರ ಕೆಳಗೆ ಕೈ ಒಡ್ಡಿ ನಿಂತರು. ತೋಳು ಒದ್ದೆಯಾಯಿತು, ಅಂಗಿ ಒದ್ದೆಯಾಯಿತು. ಸ್ಕೂಟರುಗಳು ನಿಂತವು, ಹಣ್ಣಿನ ಗಾಡಿಯವರು ಬಂದರು. ನನಗೆ ಆಚಾರ್ರ ಮುಖ ನೋಡುವ ಧೈರ್ಯವಾಗಲಿಲ್ಲ, ಮಟ್ಟೆ ಹಿಡಿದುಕೊಂಡು ನಿಂತಿದ್ದೆ.

ಅವರು ಒದ್ದೆ ಬಟ್ಟೆಯಲ್ಲೇ ಬಂದು ಪೀಠದ ಪಕ್ಕ ಕೂತು, ಚೀಲದಿಂದ ಉಳಿ ತೆಗೆದರು. 'ಶಿಲ್ಪಿ: ವೀರಭದ್ರಾಚಾರ್, ಕುಣಿಗಲ್' ಎಂದಾಯಿತು. ಅಷ್ಟಕ್ಕೇ ಏಳುತ್ತಾರೆ ಎಂದುಕೊಂಡೆ. ಏಳಲಿಲ್ಲ. ಕೆಳಗೆ ಇನ್ನೊಂದು ಸಾಲು ಶುರು ಮಾಡಿದರು. 'ನಲ್ಲಿ: ದಸ್ತಗೀರ್, ತುಮಕೂರು.'

"ನನ್ ಹೆಸ್ರು ಯಾಕೆ ಆಚಾರ್ರೇ, ಬ್ಯಾಡ" ಎಂದೆ.

ಆ ದಿನ ನನ್ನೊಡನೆ ಆಡಿದ ಮೊದಲ ಮಾತು ಅದು. "ಇರ್ಲಿ. ಮಟ್ಟೆ ತುರುಕ್ದೋನು ಯಾರು ಅಂತ ಜನಕ್ಕೂ ಗೊತ್ತಾಗ್ಲಿ. ನನ್ ತಲೆ ಮ್ಯಾಲೆ ಇಪ್ಪತ್ತೆಂಟು ವರ್ಷ ಇತ್ತು, ಇನ್ಮೇಲೆ ನಿಮ್ ತಲೆ ಮ್ಯಾಲಿರ್ಲಿ." ಉಳಿಯನ್ನು ಒರೆಸಿ ಚೀಲಕ್ಕೆ ಹಾಕಿದರು. ಒಳ್ಳೆ ಆಳವಾಗಿ ಕೆತ್ತಿದ್ದರು, ಸುಲಭಕ್ಕೆ ಅಳಿಸುವಂತಿರಲಿಲ್ಲ.

ಅಷ್ಟರಲ್ಲಿ ಸುದ್ದಿ ತಿಳಿದು ಶಿವರುದ್ರಯ್ಯ ಮೇಷ್ಟ್ರು ಆಟೋದಲ್ಲಿ ಬಂದರು. ಸುರಿಯುವ ಬಿಂದಿಗೆ ನೋಡಿದರು. ಸುತ್ತ ಸೇರಿದ ಜನ ನೋಡಿದರು. ಮಕ್ಕಳು ಆಗಲೇ ತೊಟ್ಟಿಯಲ್ಲಿ ನೆನೆಯುತ್ತಿದ್ದರು. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಮೇಷ್ಟ್ರು ಎದುರಿನ ಹೋಟೆಲಿನಲ್ಲಿ ಒಂದು ಕಾಫಿ ಕುಡಿದು ಈಚೆ ಬಂದವರು, "ಬರಿದಾದ ತಾಯಿ ಮತ್ತೆ ತುಂಬಿದ್ದಾಳೆ" ಎಂದರು. ನಾನು ಇಪ್ಪತ್ತೆಂಟು ವರ್ಷ ಹೆದರಿದ್ದ ಅರ್ಥ ಒಂದು ಕಾಫಿ ಆರುವಷ್ಟರಲ್ಲಿ ಬದಲಾಯಿತು.

ಕಿರುಪುಸ್ತಕದ ಹೊಸ ಮುದ್ರಣ ಬಂದಿದೆ, ತೆಗೆದುಕೊಂಡು ಓದಿ. ಕೊನೆಯ ಪುಟದಲ್ಲಿ ನಾನೂ ಇದ್ದೇನೆ. ಪೀಠದ ಮೇಲೆ ಒಂದರ ಕೆಳಗೊಂದು ಇರುವ ಎರಡು ಹೆಸರು, ಒಬ್ಬ ಹಿಂದೂ ಶಿಲ್ಪಿ, ಒಬ್ಬ ಮುಸ್ಲಿಂ ಕುಶಲಕರ್ಮಿ, ನಮ್ಮ ಊರಿನ ಸೌಹಾರ್ದದ ಸಂಕೇತ ಎಂದು ಬರೆದಿದ್ದಾರೆ. ಅದನ್ನು ತೋರಿಸಲು ಕುಣಿಗಲ್ಲಿಗೆ ಒಯ್ದಿದ್ದೆ. ಆಚಾರ್ರು ಓದಿಸಿ ಕೇಳಿ, "ಥೂ" ಎಂದರು. ಆಮೇಲೆ ಹೆಂಡತಿಗೆ ಕಾಫಿ ಇಡಲು ಹೇಳಿದರು. ಜಗುಲಿಯ ಮೇಲೆ ಅರ್ಧ ಕೆತ್ತಿದ ಒಂದು ಗೋಮುಖ ಇತ್ತು.

ಈಗಲೂ ಶಾಲೆಯವರು ಮಕ್ಕಳನ್ನು ಕರೆತರುತ್ತಾರೆ. ಈಗ ನಾನು ನಿಜ ಹೇಳುತ್ತೇನೆ. ಅದು ಸೌಹಾರ್ದವಲ್ಲ ಮಕ್ಕಳೇ, ನಾನು ಮಾಡಿದ ತಪ್ಪಿಗೆ ಅವರು ಹಾಕಿದ ಶಿಕ್ಷೆ, ಪೈಪಿನಲ್ಲಿ ಮಟ್ಟೆ ಮರೆತವನು ನಾನೇ ಎನ್ನುತ್ತೇನೆ. ಹೋದ ವಾರ ಒಬ್ಬ ಟೀಚರಮ್ಮ ಇದನ್ನು ಕೇಳಿ ಕಣ್ಣು ಒರೆಸಿಕೊಂಡು ಮಕ್ಕಳ ಕಡೆ ತಿರುಗಿ, "ನೋಡಿದ್ರಾ, ದೊಡ್ಡೋರ ವಿನಯ ಅಂದ್ರೆ ಇದು, ಬರ್ಕೊಳ್ಳಿ" ಎಂದರು. ಮಕ್ಕಳೆಲ್ಲ ಬರೆದುಕೊಂಡರು.